ಓಲೆಗರಿಯ ಸಂರಕ್ಷಣಾ ವಿಜ್ಞಾನ ಮತ್ತು ಗ್ರಂಥಸಂಪಾದನೆ

ದತ್ತಿಯ ಉದ್ದೇಶವನ್ನು ಹೇಳುವ ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಶಿಥಿಲವಾದುದನ್ನು ಸರಿಪಡಿಸಲೆಂದು ಭೂಮಿಯನ್ನೋ ಹೊನ್ನನ್ನೋ ಬಿಟ್ಟ ಸಂಗತಿಯನ್ನು ಅವು ದಾಖಲಿಸುತ್ತವೆ. ದೇಗುಲ, ಬಸದಿಗಳಿಗೆ ಅನ್ವಯಿಸುತ್ತಿದ್ದ ಈ ಕಲ್ಪನೆಗೆ ಗ್ರಂಥಲೋಕದಲ್ಲಿ ಸಮಾನವಾದುದು ಶಾಸ್ತ್ರದಾನ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸುಪರಿಚಿತ. ಈ ಎರಡೂ ಕಡೆ ಉಳಿಯಬೇಕಾದದ್ದು ಬಳಕೆ: ಗುಡಿಯಲ್ಲಿ ಪೂಜೆ ನಡೆಯಬೇಕು, ಗ್ರಂಥ ಓದಿಗೆ ಒದಗಬೇಕು. ಹೊಸ ಪ್ರತಿ ಸಿದ್ಧವಾದ ಮೇಲೆ ಹಳೆಯ ಗರಿಗೆ ವಿಶೇಷ ಬೆಲೆಯಿರಲಿಲ್ಲ. ಆಧುನಿಕ ಸಂರಕ್ಷಣಾ ವಿಜ್ಞಾನ ಹೊರಡುವುದು ಇದಕ್ಕೆ ವಿರುದ್ಧವಾದ ನೆಲೆಯಿಂದ. ಅದರ ದೃಷ್ಟಿಯಲ್ಲಿ ಪಾಠ ಮಾತ್ರವಲ್ಲ, ಪಾಠವನ್ನು ಹೊತ್ತಿರುವ ಈ ನಿರ್ದಿಷ್ಟ ಗರಿಯೇ ಸಾಕ್ಷ್ಯ.

ನಮ್ಮ ವಿಭಾಗಗಳಲ್ಲಿ ಗ್ರಂಥಸಂಪಾದನೆಯನ್ನು ಬೋಧಿಸುವಾಗ ಪಾಠಾಂತರ, ಪ್ರಕ್ಷೇಪ, ಪ್ರತಿಗಳ ವಂಶವೃಕ್ಷ ಇವುಗಳ ಚರ್ಚೆ ಸಾಕಷ್ಟು ನಡೆಯುತ್ತದೆ. ಗರಿಯ ಶುಚಿ, ದುರಸ್ತಿ, ಹುಳುವಿನ ನಿವಾರಣೆ ಮಾತ್ರ ಪ್ರಯೋಗಾಲಯದವರ ಕೆಲಸವೆಂದು ಹೊರಗುಳಿಯುತ್ತವೆ. ಈ ವಿಂಗಡಣೆ ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು. ಸಂರಕ್ಷಕನ ಕೈಯಲ್ಲಿ ನಡೆಯುವ ಪ್ರತಿಯೊಂದು ಉಪಚಾರವೂ ಸಂಪಾದಕನಿಗೆ ಒಂದು ಆಧಾರವನ್ನು ಒದಗಿಸುತ್ತದೆ ಇಲ್ಲವೆ ಅಳಿಸಿಹಾಕುತ್ತದೆ.

ತಾಡವೋಲೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಮರಗಳ ಗರಿಗಳು ಸೇರಿಹೋಗಿವೆ. ಶ್ರೀತಾಳೆಯ ಗರಿ ತೆಳುವಾದುದು, ಅಗಲವಾದುದು, ಬಾಗುವ ಗುಣವುಳ್ಳದ್ದು. ಸಾಮಾನ್ಯ ತಾಳೆಯದು ದಪ್ಪ, ಗಡುಸು, ಬೇಗನೆ ಹುಳುವಿಗೆ ತುತ್ತಾಗುವಂಥದು. ಬರೆಯುವ ಕ್ರಮವೂ ಎರಡು ಬಗೆ. ಕನ್ನಡನಾಡಿನ ಬಹುಪಾಲು ಓಲೆಗಳಲ್ಲಿ ಕಂಟದಿಂದ ಅಕ್ಷರವನ್ನು ಕೊರೆದು, ಆ ಗೀರಿಗೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲೋ ಎಲೆಯ ರಸದಲ್ಲೋ ಕಲಸಿ ತುಂಬಲಾಗಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ 12ನೆಯ ಶತಮಾನದ ಧವಳಾ ಗ್ರಂಥಗಳಾದರೋ ಶ್ರೀತಾಳೆಯ ಮೇಲೆ ಮಸಿಯಿಂದ ಬರೆದವು. ಅವುಗಳಲ್ಲಿ ವರ್ಣಚಿತ್ರಗಳೂ ಇವೆ. ಕೊರೆದ ಗರಿಯನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಎಚ್ಚರಿಕೆಯಿಂದ ಒರೆಸಿದರೆ ಕೊಳೆ ಹೋಗಿ ಗೀರು ಉಳಿಯುತ್ತದೆ. ಮಸಿಯಿಂದ ಬರೆದ ಗರಿಗೆ ಅದೇ ಉಪಚಾರವನ್ನು ಮಾಡಿದರೆ ಅಕ್ಷರವೇ ಹತ್ತಿಗೆ ಬಂದೀತು. ಮೂಲೆಯ ಒಂದು ಬಿಂದುವಿನಲ್ಲಿ ಮೊದಲು ಪರೀಕ್ಷಿಸಿ ನೋಡದೆ ಮುಂದುವರಿಯಬಾರದೆಂಬ ನಿಯಮ ಹುಟ್ಟಿರುವುದು ಇದರಿಂದಲೇ.

ಗರಿಗೆ ಮತ್ತೆ ಕಪ್ಪು ಬಳಿಯುವ ರೂಢಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಕಪ್ಪು ಉದುರಿಹೋದ ಓಲೆಯನ್ನು ಓದಲು, ಈಚೆಗೆ ಛಾಯಾಚಿತ್ರ ತೆಗೆಯಲು, ಇದು ಅನುಕೂಲಕರ ವಿಧಾನ. ತಲೆಮಾರುಗಳಿಂದ ನಡೆದುಬಂದದ್ದೂ ಹೌದು. ಆದರೆ ಕಾಡಿಗೆಗೆ ಕಂಟದ ಗೀರು ಯಾವುದು, ಉಗುರಿನ ಗೆರೆ ಯಾವುದು, ನಾರಿನ ಬಿರುಕು ಯಾವುದು ಎಂಬ ವಿವೇಚನೆಯಿಲ್ಲ. ತಗ್ಗು ಸಿಕ್ಕಲ್ಲೆಲ್ಲ ಅದು ತುಂಬಿಕೊಳ್ಳುತ್ತದೆ. ನಮ್ಮ ಲಿಪಿಯಲ್ಲಿ ದಕಾರ-ಧಕಾರಗಳಿಗೆ, ಪಕಾರ-ಫಕಾರಗಳಿಗೆ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪಕಾರ ಷಕಾರವಾಗಲು ಒಳಗೆ ಒಂದು ಅಡ್ಡಗೆರೆ ಸಾಕು. ಹೀಗಿರುವಾಗ ಕಪ್ಪು ತುಂಬಿದ ಬಿರುಕೊಂದು ಪಾಠಾಂತರವಾಗಿ ಅಡಿಟಿಪ್ಪಣಿಗೆ ಏರುವುದು ಅಸಂಭವವೇನಲ್ಲ. ಲಿಪಿಕಾರನ ಸ್ಖಾಲಿತ್ಯವೆಂದು ನಾವು ಎಣಿಸುವುದರಲ್ಲಿ ಕೆಲವು ಅವನ ಕೈಯಿಂದ ಬಂದವೇ ಅಲ್ಲ.

ಇದಕ್ಕೆ ಪರ್ಯಾಯಗಳಿವೆ. ದೀಪವನ್ನು ಗರಿಯ ಪಕ್ಕದಲ್ಲಿ, ಮೇಲ್ಮೈಗೆ ಬಹುತೇಕ ಸಮಾಂತರವಾಗಿ ಹಿಡಿದರೆ ಗೀರಿನ ಅಂಚುಗಳು ನೆರಳು ಚೆಲ್ಲುತ್ತವೆ. ಕಪ್ಪು ಇಲ್ಲದೆಯೂ ಅಕ್ಷರ ಕಾಣುತ್ತದೆ. ಕಂಟ ನಾರನ್ನು ಕತ್ತರಿಸಿ ಬದಿಗೆ ತಳ್ಳಿರುತ್ತದೆ, ಬಿರುಕು ನಾರಿನ ಜಾಡನ್ನೇ ಹಿಡಿದಿರುತ್ತದೆ. ಭೂತಗನ್ನಡಿಯಲ್ಲಿ ಈ ವ್ಯತ್ಯಾಸ ಗೋಚರವಾಗುತ್ತದೆ. ಹೊಗೆ ಹಿಡಿದು ಕಂದಿದ ಗರಿಗೆ ಅವಕೆಂಪು ಛಾಯಾಚಿತ್ರಣ ಉಪಯುಕ್ತ. ಕಾಡಿಗೆ ಎಂದರೆ ಇಂಗಾಲ. ಅದು ಅವಕೆಂಪು ಕಿರಣವನ್ನು ಹೀರಿ ಕಪ್ಪಾಗಿಯೇ ಉಳಿಯುತ್ತದೆ. ಗರಿಯ ಕಂದುಬಣ್ಣವಾದರೋ ಆ ಬೆಳಕಿನಲ್ಲಿ ಬಹುಮಟ್ಟಿಗೆ ತಿಳಿಯಾಗುತ್ತದೆ.

ಹುಳುವಿನ ರಂಧ್ರವೂ ಸಾಕ್ಷ್ಯವೇ ಎಂದರೆ ಕೆಲವರಿಗೆ ವಿಚಿತ್ರವಾಗಿ ಕಂಡೀತು. ಮರಿಹುಳು ಕಟ್ಟಿನೊಳಗೆ ಸುರಂಗ ತೋಡುತ್ತ ಗರಿಯಿಂದ ಗರಿಗೆ ಸಾಗುತ್ತದೆ. ಆದ್ದರಿಂದ ಅಕ್ಕಪಕ್ಕದ ಗರಿಗಳಲ್ಲಿ ರಂಧ್ರದ ಸ್ಥಾನ, ಆಕಾರಗಳು ಸ್ವಲ್ಪ ಸ್ವಲ್ಪವಾಗಿಯೇ ಬದಲಾಗುತ್ತವೆ. ಅಂಚು ಮುರಿದು ಪತ್ರಸಂಖ್ಯೆ ಕಳೆದುಹೋದ ಬಿಡಿಗರಿಗಳನ್ನು, ಹುಳು ತಿಂದಾಗ ಅವು ಇದ್ದ ಕ್ರಮಕ್ಕೆ ಈ ರಂಧ್ರಗಳ ಆಧಾರದಿಂದ ಜೋಡಿಸಬಹುದು. ಪಾಠದ ಕ್ರಮಕ್ಕೂ ರಂಧ್ರದ ಕ್ರಮಕ್ಕೂ ತಾಳೆಯಾಗದಿದ್ದರೆ, ಕಟ್ಟು ಹಿಂದೊಮ್ಮೆ ಬಿಚ್ಚಿ ಕಲಸಿಹೋಗಿತ್ತೆಂಬ ಇತಿಹಾಸವೂ ತಿಳಿಯುತ್ತದೆ. ರಂಧ್ರಗಳನ್ನು ತುಂಬಿ, ಅಂಚನ್ನು ಕತ್ತರಿಸಿ ಸಮಮಾಡುವ ದುರಸ್ತಿ ಈ ಮಾಹಿತಿಯನ್ನೆಲ್ಲ ನುಂಗಿಬಿಡುತ್ತದೆ.

ಈ ಬಗೆಯ ಪ್ರಶ್ನೆಗಳಿಗೆ ತಾತ್ತ್ವಿಕ ಚೌಕಟ್ಟನ್ನು ಒದಗಿಸಿದವರಲ್ಲಿ ಇಟಲಿಯ ಚೆಸಾರೆ ಬ್ರಾಂದಿ ಪ್ರಮುಖನು. ರೋಮಿನಲ್ಲಿ 1939ರಲ್ಲಿ ಸ್ಥಾಪಿತವಾದ ಕೇಂದ್ರೀಯ ಪುನಃಸ್ಥಾಪನ ಸಂಸ್ಥೆಯ ಮೊದಲ ನಿರ್ದೇಶಕನಾದ ಅವನ ಸಿದ್ಧಾಂತಗ್ರಂಥ ಪ್ರಕಟವಾದದ್ದು 1963ರಲ್ಲಿ. ಚಿತ್ರದಲ್ಲಿ ಬಣ್ಣ ಉದುರಿದ ಜಾಗವನ್ನು ಸಣ್ಣ ಲಂಬರೇಖೆಗಳಿಂದ ತುಂಬುವ ವಿಧಾನ ಆ ಸಂಸ್ಥೆಯಲ್ಲಿ ರೂಪುಗೊಂಡಿತು. ದೂರದಿಂದ ನೋಡಿದರೆ ಚಿತ್ರ ಅಖಂಡವೆನಿಸುತ್ತದೆ, ಹತ್ತಿರ ಹೋದರೆ ತುಂಬಿದ ಭಾಗ ಯಾವುದೆಂದು ತಿಳಿಯುತ್ತದೆ. ಗ್ರಂಥಪಾತವಾದಲ್ಲಿ ಊಹಾಪಾಠವನ್ನು ಕಂಸದೊಳಗೆ ಕೊಡುವ ನಮ್ಮ ಸಂಪಾದಕರ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಬ್ರಾಂದಿಯನ್ನು ಕನ್ನಡದ ಸಂಪಾದಕರು ಓದಬೇಕೆನ್ನಲು ನನಗಿರುವ ಮುಖ್ಯ ಕಾರಣ ಇದೇ.

ಮಾಡಿದ ಉಪಚಾರವನ್ನು ಬೇಕಾದಾಗ ತೆಗೆಯಲು ಬರಬೇಕು ಎಂಬುದು ಈ ಶಾಸ್ತ್ರದ ಇನ್ನೊಂದು ತತ್ತ್ವ. ಇದರ ಮಹತ್ತ್ವ ತಿಳಿದದ್ದು ನಷ್ಟದಿಂದ. 20ನೆಯ ಶತಮಾನದ ಮಧ್ಯಭಾಗದಲ್ಲಿ ಜೀರ್ಣ ಕಾಗದವನ್ನು ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ನಡುವೆ ಸೇರಿಸಿ ಭದ್ರಪಡಿಸುವುದು ಪತ್ರಾಗಾರಗಳ ಪ್ರಶಸ್ತ ವಿಧಾನವಾಗಿತ್ತು; ನಮ್ಮ ರಾಷ್ಟ್ರೀಯ ಪತ್ರಾಗಾರದಲ್ಲಿ ಅಸಿಟೋನ್ ಬಳಸಿ, ಯಂತ್ರವಿಲ್ಲದೆ ಕೈಯಿಂದಲೇ ಇದನ್ನು ಮಾಡುವ ಕ್ರಮವೂ ರೂಪುಗೊಂಡಿತು. ಕಾಲಕ್ರಮದಲ್ಲಿ ಆ ಹಾಳೆಯೇ ಶಿಥಿಲಗೊಂಡು ಆಮ್ಲವನ್ನು ಬಿಡತೊಡಗುತ್ತದೆಂಬುದು ಕಂಡುಬಂತು. ಅದನ್ನು ಬಿಡಿಸಲು ಕಾಗದವನ್ನು ಮತ್ತೆ ಅಸಿಟೋನಿನಲ್ಲಿ ನೆನೆಸಬೇಕು. ಮಸಿ ತಡೆಯದಿದ್ದರೆ ಅದೂ ಸಾಧ್ಯವಿಲ್ಲ.

ಓಲೆಗೆ ಹಚ್ಚುವ ಮಜ್ಜಿಗೆಹುಲ್ಲಿನ ಎಣ್ಣೆ, ಸಿಟ್ರೊನೆಲ್ಲಾ ಎಣ್ಣೆಗಳನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ. ಅವು ಗರಿಗೆ ಸ್ವಲ್ಪ ಮೆದುತನವನ್ನು ಕೊಡುತ್ತವೆ, ಹುಳುವನ್ನು ದೂರವಿಡುತ್ತವೆ. ಮಿತಿಮೀರಿದರೆ ಧೂಳನ್ನು ಹಿಡಿಯುತ್ತವೆ, ಗರಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆಚ್ಚು ಜನ ಗಮನಿಸದ ತೊಡಕು ಬೇರೆ ಇದೆ. ಗರಿಯ ಕಾಲವನ್ನು ಇಂಗಾಲ-14 ವಿಧಾನದಿಂದ ನಿರ್ಣಯಿಸುವಾಗ, ಈಚಿನ ಸಸ್ಯದಿಂದ ತೆಗೆದ ಎಣ್ಣೆ ಪೂರ್ಣವಾಗಿ ಹೋಗದಿದ್ದರೆ ಗರಿ ನಿಜಕ್ಕಿಂತ ಈಚಿನದೆಂದು ತೋರುತ್ತದೆ. ಖನಿಜ ತೈಲ ಹಚ್ಚಿದ್ದರೆ ಫಲಿತಾಂಶ ತಿರುಗುಮುರುಗು, ಗರಿ ಹಳೆಯದೆನಿಸುತ್ತದೆ. ಕಾಲೋಲ್ಲೇಖವಿಲ್ಲದ ಪ್ರತಿಗಳೇ ಹೆಚ್ಚಾಗಿರುವ ನಮ್ಮ ಭಂಡಾರಗಳಲ್ಲಿ ಯಾವ ಕಟ್ಟಿಗೆ ಯಾವ ವರ್ಷ ಯಾವ ಎಣ್ಣೆ ಹಚ್ಚಲಾಯಿತೆಂಬ ದಾಖಲೆಯೇ ಮುಂದಿನ ಸಂಶೋಧನೆಗೆ ಆಧಾರವಾಗಬೇಕು.

ಲಖನೌದಲ್ಲಿ 1976ರಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ ಸ್ಥಾಪನೆಯಾಯಿತು. ಅದರ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿ ಆರಂಭವಾಯಿತು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಬಂದಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಯ ಗುರಿಯ ಜ್ಞಾನ ಭಾರತಂ ಅಭಿಯಾನ 2025ರಲ್ಲಿ ಘೋಷಿತವಾಯಿತು. ಇಂಥ ಯೋಜನೆಗಳಲ್ಲಿ ಗಣಕೀಕರಣಕ್ಕೆ ಹೆಚ್ಚಿನ ಒತ್ತು ಬೀಳುವುದು ಸಹಜ. ಆದರೆ ಕಪ್ಪು ಬಳಿದು, ನೇರ ಬೆಳಕಿನಲ್ಲಿ ತೆಗೆದ ಚಿತ್ರ ಮೇಲಿನ ಯಾವ ಪ್ರಶ್ನೆಗೂ ಉತ್ತರಿಸದು.

ಕನ್ನಡ ವಿಭಾಗಗಳು ರಸಾಯನಶಾಸ್ತ್ರಜ್ಞರನ್ನು ತಯಾರಿಸಬೇಕಾಗಿಲ್ಲ. ಹಸ್ತಪ್ರತಿಶಾಸ್ತ್ರದ ಪತ್ರಿಕೆಯಲ್ಲಿ ಒಂದು ಘಟಕ, ಭಂಡಾರದಲ್ಲಿ ಕೆಲವು ದಿನಗಳ ಕೈಕೆಲಸ ಆರಂಭಕ್ಕೆ ಸಾಕು. ವರ್ಣನಾತ್ಮಕ ಸೂಚಿಗಳಲ್ಲಿ ಉದ್ದ, ಅಗಲ, ಗರಿಗಳ ಸಂಖ್ಯೆ, ಸಾಲುಗಳ ಸಂಖ್ಯೆಗಳನ್ನು ಕೊಡುವ ರೂಢಿಯಿದೆ. ಅದಕ್ಕೆ ಮರದ ಜಾತಿ, ಕೊರೆದದ್ದೋ ಮಸಿಯದೋ, ಮರುಗಪ್ಪು ಬಳಿದ ಗುರುತು, ರಂಧ್ರಗಳ ನಕ್ಷೆ, ಹಿಂದಿನ ಉಪಚಾರಗಳ ವಿವರ ಇವಿಷ್ಟನ್ನು ಸೇರಿಸಲು ವಿದ್ಯಾರ್ಥಿಗೆ ಬೇಕಾದ ಉಪಕರಣ ಒಂದು ಭೂತಗನ್ನಡಿ, ಒಂದು ಕೈದೀಪ, ಒಂದು ಅಳತೆಪಟ್ಟಿ.