ಹಾನಗಲ್ಲಿನ ಅಂಗಡಿಯಲ್ಲಿ ಇನ್ನೂ ಓಡುತ್ತಿರುವ ವಿಬಿ-6

ಹಾನಗಲ್ಲಿನ ಭತ್ತದ ದಲಾಲಿ ಅಂಗಡಿಯೊಂದರಲ್ಲಿ ಕಳೆದ ಸುಗ್ಗಿಯಲ್ಲಿ ಕಂಡ ಬೂದು ಬಣ್ಣದ ಆ ವಿಂಡೋ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಚೀಲ, ತೂಕ, ಹಮಾಲಿ, ದಲಾಲಿ ಎಂದು ಸಾಲಾಗಿ ಖಾನೆಗಳು. ಕೆಳಗೆ ‘ಪಟ್ಟಿ’ ಎಂಬ ಬಟನ್. ಒತ್ತಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಗರಗರ ಎಂದು ರೈತನ ಲೆಕ್ಕ ಹೊರಹಾಕುತ್ತದೆ. ನೆತ್ತಿಯ ಮೇಲೆ ಮಾತ್ರ ‘ಫಾರ್ಮ್1’ ಎಂದೇ ಉಳಿದಿದೆ. ನೋಡಿದೊಡನೆ ಗುರುತು ಸಿಕ್ಕಿತು: ವಿಷುವಲ್ ಬೇಸಿಕ್ 6!

1991ರಲ್ಲಿ ಹುಟ್ಟಿದ ವಿಬಿಗೆ ಕ್ಲಾಸುಗಳು ಬಂದದ್ದು 1995ರಲ್ಲಿ. 1998ರ ಆರನೇ ಆವೃತ್ತಿಗೆ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲಿ ಬೆಂಬಲ ನಿಲ್ಲಿಸಿತು. ಇನ್‌ಹೆರಿಟೆನ್ಸ್ ಇಲ್ಲದ್ದರಿಂದ ಇದನ್ನು ಅಪ್ಪಟ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ ಎಂದು ಒಪ್ಪದವರಿದ್ದಾರೆ. ನನಗೆ ಆ ತಕರಾರು ದೊಡ್ಡದೆನಿಸುವುದಿಲ್ಲ. ಬಟನ್ನೂ ಒಂದು ಆಬ್ಜೆಕ್ಟ್, ಅದಕ್ಕೂ ಗುಣಗಳಿವೆ ಎಂಬುದನ್ನು ಸವಣೂರು, ಹಿರೇಕೆರೂರಿನಂಥ ಊರಿನ ಹುಡುಗರಿಗೂ ಇಷ್ಟು ಸಲೀಸಾಗಿ ಮನದಟ್ಟು ಮಾಡಿಸುವ ಬೇರೆ ಭಾಷೆ ನನಗೆ ಗೊತ್ತಿಲ್ಲ. ರಾಜ್ಯದ ಆಗಿನ 177 ತಾಲ್ಲೂಕುಗಳ ಜಮೀನಿನ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ತಂತ್ರಾಂಶವನ್ನು ಸರ್ಕಾರಿ ಸಂಸ್ಥೆ ಎನ್‌ಐಸಿ ಮೊದಲು ಕಟ್ಟಿದ್ದೂ ವಿಬಿಯಲ್ಲೇ. ಆಗ ಶಿಗ್ಗಾವಿಯಲ್ಲಿ 15 ರೂಪಾಯಿ ಕೊಟ್ಟು ಉತಾರ ಪಡೆದವರೆಲ್ಲ ಅದರ ಕೆಲಸ ಕಂಡವರೇ.

ವಿಬಿಯ ನಿಜವಾದ ಕೊರತೆ ಕನ್ನಡದ ವಿಷಯದಲ್ಲಿತ್ತು. ಒಳಗೆಲ್ಲ ಯೂನಿಕೋಡ್ ಇಟ್ಟುಕೊಂಡಿದ್ದರೂ, ಪರದೆಯ ಖಾನೆಗೆ ಹಾಕುವಾಗ ವಿಬಿ ಅದನ್ನು ಹಳೆಯ ಆನ್ಸಿ ಸಂಕೇತಕ್ಕೆ ಇಳಿಸುತ್ತಿತ್ತು. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಕಾಣುತ್ತಿದ್ದುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಿದ ನುಡಿಯಂಥ ಫಾಂಟುಗಳೇ ಆಗ ಗತಿ.

ಮಾಲೀಕರ ಅಪ್ಪಣೆ ಪಡೆದು ಆ ಫಾರ್ಮಿನ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ‘ಹಾನಗಲ್’ ಇರಬೇಕಾದಲ್ಲಿ ‘ನ’ಕ್ಕೆ ಬ್ರಿಟಿಷ್ ಪೌಂಡಿನ ಚಿಹ್ನೆ, ಪಕ್ಕದಲ್ಲಿ ತಲೆಯ ಮೇಲೆ ಗೀರು ಹೊತ್ತ ‘ಎ’. ನನ್ನನ್ನು ಹಿಡಿದು ನಿಲ್ಲಿಸಿದ್ದು ರೈತರ ಯಾದಿ. ನುಡಿಯಲ್ಲಿ ‘ರ’ ಎಂದರೆ ಇಂಗ್ಲಿಷಿನ ‘ಜಿ’, ‘ದ’ ಎಂದರೆ ‘ಜೆಡ್’. ಹೀಗಾಗಿ ಅಕಾರಾದಿಯಲ್ಲಿ ರಾಮಪ್ಪಂದಿರೆಲ್ಲ ದೇವಪ್ಪಂದಿರಿಗಿಂತ ಮುಂದೆ! ಗುಮಾಸ್ತರಿಗೆ ಆ ಕ್ರಮವೇ ಬಾಯಿಪಾಠ. ಕೇಳಿದ ಹೆಸರಿಗೆ ತಡವರಿಸದೆ ಬೆರಳಿಟ್ಟರು. ವರ್ಣಮಾಲೆಯನ್ನೇ ಅಡ್ಡಾದಿಡ್ಡಿ ಮಾಡಿದ ಭಾಷೆಯ ಮೇಲೆ ಸಿಟ್ಟು ಬಂತು, ಅದರಲ್ಲೇ ಇಷ್ಟು ವರ್ಷ ಲೆಕ್ಕ ತಪ್ಪದಂತೆ ನಡೆಸಿದವರ ಮೇಲೆ ಅಭಿಮಾನವೂ.

ವಿಬಿ-6ರ ಪ್ರೋಗ್ರಾಮುಗಳನ್ನು ಓಡಿಸುವ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ. ಆದ್ದರಿಂದ ಈ ಪಟ್ಟಿ ಸದ್ಯಕ್ಕೆ ನಿಲ್ಲುವುದಿಲ್ಲ. ಆದರೂ ಹೆಸರುಗಳನ್ನು ಈಗಲೇ ಯೂನಿಕೋಡಿಗೆ ತಂದಿಡುವುದು ಒಳ್ಳೆಯದು, ಪರಿವರ್ತಕಗಳು ಸಿಗುತ್ತವೆ. ಅರ್ಕಾವತ್ತು ಇರುವ ಹೆಸರುಗಳನ್ನು ಮಾತ್ರ ಒಂದೊಂದಾಗಿ ಕಣ್ಣಾಡಿಸಿ ನೋಡಬೇಕು.