ಹುಬ್ಬಳ್ಳಿಯ ಸ್ಟೇಶನ್ನೂ ಬಾಳೆಗುಳಿಯ ನಿರೀಕ್ಷೆಯೂ

ಹುಬ್ಬಳ್ಳಿಯ ರೇಲ್ವೆ ಸ್ಟೇಶನ್ನಿನ ಪುನರ್ನಿರ್ಮಾಣವು ಹಂತಹಂತವಾಗಿ ಮುಂದುವರಿದದ್ದನ್ನು ನಮ್ಮ ಜಿಲ್ಲೆಯ ಜನರು ಘಟ್ಟದ ಕೆಳಗಿನಿಂದ ನೋಡುತ್ತಲೇ ಬಂದಿದ್ದಾರೆ. ಐದು ಪ್ಲಾಟುಫಾರಂಗಳಿದ್ದಲ್ಲಿ ಎಂಟಾದವು. ಗಾಡಿಗಳು ಹಳಿ ಬದಲಿಸುವ ಅಂಗಳವನ್ನು ಬಿಚ್ಚಿ ಹೊಸದಾಗಿ ಜೋಡಿಸಿದರು. 2020ರಲ್ಲಿ ಸ್ಟೇಶನ್ನಿಗೆ ಶ್ರೀ ಸಿದ್ಧಾರೂಢ ಸ್ವಾಮಿಗಳ ಹೆಸರು ಬಂದಿತು. 2023ನೆಯ ಇಸವಿ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಧಾರವಾಡಕ್ಕೆ ಬಂದು, 1507 ಮೀಟರು ಉದ್ದದ ಎಂಟನೆಯ ಪ್ಲಾಟುಫಾರಮನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಅದಕ್ಕೆ ಮೊದಲು ಜಗತ್ತಿನ ಅತ್ಯಂತ ಉದ್ದದ ಪ್ಲಾಟುಫಾರಂ ಎಂಬ ಹಿರಿಮೆಯು ಗೋರಖಪುರದ್ದಾಗಿದ್ದಿತು. ಅದು ಕನ್ನಡ ನಾಡಿಗೆ ಬಂದಿತೆಂದು ನಾವೂ ಸಂತೋಷಪಟ್ಟೆವು.

ಆದರೆ ಪ್ಲಾಟುಫಾರಂ ಉದ್ದವಾದದ್ದು ಮೆರೆಯುವದಕ್ಕಾಗಿ ಅಲ್ಲ. ಎರಡು ಪೂರ್ಣ ಗಾಡಿಗಳು ಒಂದೇ ಕಟ್ಟೆಗೆ ಒಂದರ ಹಿಂದೊಂದು ನಿಂತು, ಒಂದು ಮೂಡಣಕ್ಕೂ ಇನ್ನೊಂದು ಪಡುವಣಕ್ಕೂ ಏಕಕಾಲಕ್ಕೆ ಹೊರಡಬೇಕೆಂಬುದೇ ಅದರ ಮೂಲ ಉದ್ದೇಶ. ಹೊಸಪೇಟೆಯಿಂದ ಹುಬ್ಬಳ್ಳಿ, ಲೋಂಡಾಗಳ ಮೇಲಿಂದ ಗೋವೆಗೆ ಹೋಗುವ ಹಾದಿಯನ್ನು ಜೋಡಿಹಳಿಯದನ್ನಾಗಿ ಮಾಡುವ ಕೆಲಸ ನಡೆದಾಗ ನಡುವಿನ ಹುಬ್ಬಳ್ಳಿಯಲ್ಲಿ ಗಾಡಿಗಳು ತಡೆಯದಂತೆ ಇದನ್ನು ಯೋಜಿಸಿದರು. ಹೊಸಪೇಟೆಯಿಂದ ತಿನೈಘಾಟದವರೆಗಿನ ವಿದ್ಯುತ್ತಿನ ತಂತಿಯೂ ಅದೇ ದಿವಸ ಲೋಕಾರ್ಪಣವಾಯಿತು. ಅಂದಮೇಲೆ ಸ್ಟೇಶನ್ನಿನ ಯೋಗ್ಯತೆಯನ್ನು ಅದರ ಕಟ್ಟೆಯ ಉದ್ದದಿಂದ ಅಳೆಯದೆ, ಅಲ್ಲಿಂದ ಎಷ್ಟು ದಿಕ್ಕಿಗೆ ಹಳಿ ಹೊರಡುವದೆಂಬುದರಿಂದ ಅಳೆಯುವದು ನ್ಯಾಯ. ಈ ಅಳತೆಯನ್ನು ಹಿಡಿದರೆ ಒಂದು ದಿಕ್ಕು ಇನ್ನೂ ಬರಿದಾಗಿರುವದು ಕಾಣುವದು. ಅದು ನಮ್ಮ ದಿಕ್ಕು.

ಅಂಕೋಲೆಯ ಹತ್ತಿರದ ಬಾಳೆಗುಳಿಯನ್ನು ಅರಿಯದ ಪ್ರವಾಸಿಕರಿಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲ ಘಟ್ಟವನ್ನಿಳಿದು ಬರುವ ಹೆದ್ದಾರಿಯು ಕರಾವಳಿಯ ಹೆದ್ದಾರಿಯನ್ನು ಕೂಡುವದು ಇಲ್ಲಿಯೇ. ಬಳ್ಳಾರಿ ಸೀಮೆಯ ಅದಿರು ಹೊತ್ತ ಲಾರಿಗಳು ಬೇಲೆಕೇರಿಗೆ ಸಾಲುಗಟ್ಟಿ ಹೋದದ್ದು ಇದೇ ದಾರಿಯಿಂದ. ಇಲ್ಲಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರು. ರೇಲ್ವೆಯಿಂದಲೇ ಹೋಗುವೆನೆಂದು ಒಬ್ಬನು ಹಟ ಹಿಡಿದರೆ, ಅಂಕೋಲೆಯಲ್ಲಿ ಗಾಡಿ ಹತ್ತಿ ಬಡಗಣಕ್ಕೆ ಮಡಗಾಂವಿಗೆ ಹೋಗಿ, ಅಲ್ಲಿ ಬೇರೆ ಗಾಡಿಗೆ ಕಾಯ್ದು, ಕ್ಯಾಸಲರಾಕದ ಘಟ್ಟವನ್ನೇರಿ ಲೋಂಡಾದ ಮೇಲಿಂದ ಹುಬ್ಬಳ್ಳಿಯನ್ನು ಮುಟ್ಟಬೇಕು. ಮೂಗು ಹಿಡಿಯಲು ಕತ್ತಿನ ಹಿಂದಿನಿಂದ ಕೈ ತಂದಂತೆ!

ಈ ವಕ್ರತೆ ಇಂದಿನದಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದ್ದಕ್ಕೆ ಧಾರವಾಡದ ಹತ್ತಿಯೇ ಮುಖ್ಯ ಕಾರಣ. ಅಮೇರಿಕದ ಅಂತರ್ಯುದ್ಧದಿಂದ ಹತ್ತಿ ಸಿಗದೆ ಕಂಗೆಟ್ಟ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಸದಾಶಿವಗಡಕ್ಕೇ ಬಂದಿಳಿದಿದ್ದರು. ಕಾರವಾರವು ಬಂದರವಾಗುವದು, ಹುಬ್ಬಳ್ಳಿಗೆ ಉಗಿಬಂಡಿ ಏರುವದು ಎಂದು ನಮ್ಮ ಮುತ್ತಜ್ಜಂದಿರು ನಂಬಿದ್ದರು. ಅಷ್ಟರಲ್ಲಿ 1878ರಲ್ಲಿ ಇಂಗ್ಲಿಷರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, ಹಳಿಯು ಮುರಗಾಂವಿನ ಕಡೆಗೆ ತಿರುಗಿತು. ಪರರಾಜ್ಯದವರು ತಮ್ಮ ಲಾಭವನ್ನು ನೋಡಿಕೊಂಡದ್ದು ಸಹಜ. ಸ್ವರಾಜ್ಯ ಬಂದ ಮೇಲೂ ಅದೇ ಹಾದಿ ಉಳಿದದ್ದಕ್ಕೆ ಯಾರನ್ನು ದೂರುವದು?

ಹುಬ್ಬಳ್ಳಿ-ಅಂಕೋಲಾ ಹಾದಿಗೆ 1996-97ರಲ್ಲಿ ಮಂಜೂರಿ ಸಿಕ್ಕಿತು. 2000ದಲ್ಲಿ ಪ್ರಧಾನಮಂತ್ರಿ ಅಟಲ ಬಿಹಾರಿ ವಾಜಪೇಯಿಯವರು ಅಡಿಗಲ್ಲನ್ನಿಟ್ಟರು. ಹುಬ್ಬಳ್ಳಿಯಿಂದ ಕಿರವತ್ತಿಯವರೆಗಿನ 47 ಕಿಲೋಮೀಟರುಗಳ ಮೊದಲ ಹಂತದಲ್ಲಿ ಮಣ್ಣಿನ ಕೆಲಸವೂ ಸೇತುವೆಗಳ ಕೆಲಸವೂ ಅಷ್ಟಿಷ್ಟು ನಡೆದವು. ಅರಣ್ಯ ಬಂದೊಡನೆ ಕೆಲಸ ನಿಂತಿತು. ಪರಿಸರ ಸಂಘಗಳವರು ಸುಪ್ರೀಂ ಕೋರ್ಟಿಗೆ ಹೋದರು. 2015ರಲ್ಲಿ ಆ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿಯು ಯೋಜನೆಯು ಬೇಡವೆಂದು ಅಭಿಪ್ರಾಯ ಕೊಟ್ಟಿತು. 2020ರ ಮಾರ್ಚಿನಲ್ಲಿ ರಾಜ್ಯದ ವನ್ಯಜೀವಿ ಮಂಡಳಿಯು ಒಪ್ಪಿತು. ಅದೇ ವರ್ಷದ ಜೂನಿನಲ್ಲಿ ಹೈಕೋರ್ಟು ತಡೆ ಹಾಕಿತು. 2022ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪರವಾಗಿ ತಜ್ಞರು ಬಂದು ಹಾದಿಯನ್ನು ನೋಡಿ ಹೋದರು. ತರುವಾಯ ರೇಲ್ವೆಯವರು ಯೋಜನಾಪತ್ರವನ್ನು ಹೊಸದಾಗಿ ತಿದ್ದಿ ಬರೆದಿದ್ದಾರೆ. ಅಡಿಗಲ್ಲಿಟ್ಟ ವರ್ಷ ಹುಟ್ಟಿದ ಕೂಸು ಕಾಲೇಜು ಮುಗಿಸಿ ಉದ್ಯೋಗ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ಆಯಿತು, ಅದೂ ಬಸ್ಸಿನಲ್ಲಿ.

ಸ್ಟೇಶನ್ನಿನ ಕೆಲಸ ಬೇಗ ಮುಗಿದು ಹಾದಿಯ ಕೆಲಸ ಮುಗಿಯದಿರುವದರ ಕಾರಣ ಗುಪ್ತವಾದುದೇನೂ ಅಲ್ಲ. ಸ್ಟೇಶನ್ನಿನ ನೆಲ ರೇಲ್ವೆಯದು, ಹಣ ರೇಲ್ವೆಯದು, ನೈಋತ್ಯ ರೇಲ್ವೆಯ ಮುಖ್ಯ ಕಚೇರಿಯು 2003ರಿಂದ ಅದೇ ಊರಲ್ಲಿ. ಹಾದಿಗಾದರೆ ಸುಮಾರು 600 ಹೆಕ್ಟೇರು ಅರಣ್ಯ ಬೇಕು. ಅದಕ್ಕೆ ರಾಜ್ಯ, ಕೇಂದ್ರ, ನ್ಯಾಯಾಲಯ ಮೂವರೂ ತಲೆದೂಗಬೇಕು.

ವಿರೋಧಿಗಳ ಮಾತನ್ನು ನಾವು ಹಗುರಾಗಿ ಎಣಿಸುವದಿಲ್ಲ. ಹಾದಿ ಹೋಗಬೇಕಾದದ್ದು ಸಹ್ಯಾದ್ರಿಯ ದಟ್ಟ ಕಾಡಿನಲ್ಲಿ, ಕಾಳೀ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸಮೀಪದಲ್ಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ನೂಕಿದ್ದನ್ನು ಕಂಡ ಅಂಕೋಲೆಯವರಿಗೆ, ಗುಡ್ಡ ಕಡಿಯುವದು ಹುಡುಗಾಟವಲ್ಲವೆಂದು ಬೇರೆಯವರು ಕಲಿಸಬೇಕಾಗಿಲ್ಲ. ಮೊದಲಿನ ಲೆಕ್ಕಗಳೆಲ್ಲ ಅದಿರಿನ ಸಾಗಾಟವನ್ನು ನೆಚ್ಚಿದ್ದವು. 2010ರಲ್ಲಿ ರಾಜ್ಯ ಸರಕಾರವು ಬಂದರಗಳಿಂದ ಅದಿರಿನ ರಫ್ತನ್ನು ನಿಲ್ಲಿಸಿದೊಡನೆ ಆ ಲೆಕ್ಕದ ಬುಡ ಸಡಿಲಾಯಿತೆಂಬುದೂ ನಿಜ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. 2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನ ಕಾಯಿಪಲ್ಲೆಯ ವ್ಯಾಪಾರಿಗಳು ಕುಮಟೆಯ ಸಂತೆಗೆಂದು ಸರಕಿನ ಮೇಲೆಯೇ ಕುಳಿತು ಬರುತ್ತಿದ್ದ ಲಾರಿ, ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ ಹತ್ತು ಮಂದಿ ತೀರಿಕೊಂಡರು. ಘಟ್ಟದ ಮೇಲಿನ ಬಡ ವ್ಯಾಪಾರಿಗೆ ಕರಾವಳಿಯ ಸಂತೆಯು ಹೊಟ್ಟೆಪಾಡು. ಕರಾವಳಿಯ ರೋಗಿಗೆ ಹುಬ್ಬಳ್ಳಿಯ ದವಾಖಾನೆಯು ಕೊನೆಯ ಆಸೆ. ಈ ಇಬ್ಬರೂ ರಾತ್ರಿ ಘಟ್ಟವನ್ನು ಹತ್ತಿ ಇಳಿಯುವದು ತಪ್ಪಿಲ್ಲ. ಹೆದ್ದಾರಿಯೂ ಅದೇ ಕಾಡನ್ನು ಸೀಳಿ ಹೋಗಿದೆ. ಹಳಿ ಬಾರದಿದ್ದರೆ ನಾಳೆ ಆ ರಸ್ತೆಯನ್ನೇ ಅಗಲಿಸಲು ಮರಗಳು ಬೀಳಲಾರವೆಂದು ಹೇಳುವವರಾರು?

ಆದುದರಿಂದ ನಮ್ಮ ಅಭಿಪ್ರಾಯ ಇದು: ಹಾದಿ ಬೇಕು. ಗುಡ್ಡವನ್ನು ಕೊರೆದು ಸುರಂಗಗಳಲ್ಲಿ ಹೆಚ್ಚು ಭಾಗವನ್ನು ಒಯ್ಯುವದರಿಂದ ವೆಚ್ಚ ಏರುವದಾದರೆ ಏರಲಿ. 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೇಲ್ವೆಯು ತೊಂಬತ್ತಕ್ಕೂ ಮಿಕ್ಕಿದ ಸುರಂಗಗಳನ್ನು ಕೊರೆದೇ ನಮ್ಮೂರಿಗೆ ಬಂದದ್ದು. ಒಂದು ವೇಳೆ ಕಾಡಿನ ಹಿತಕ್ಕಾಗಿ ಇದು ಕೂಡದೆಂದು ತೀರ್ಮಾನವಾದರೆ, ಕೂಡದೆಂಬುದನ್ನು ಬರೆದು ಕೊಡಲಿ. ಆಗ ಘಟ್ಟದ ರಸ್ತೆಯ ಸುರಕ್ಷಿತತೆಗೆ ಹಣ ಕೇಳುವ ಅಧಿಕಾರವಾದರೂ ನಮಗುಂಟಾಗುವದು. ಚುನಾವಣೆ ಬಂದಾಗ ಹಳಿ, ಮುಗಿದಾಗ ಕಡತ ಎಂಬ ಈ ಆಟವನ್ನು ಜಿಲ್ಲೆಯ ಜನರು ಇನ್ನು ಸಹಿಸಲಾಗದು. ಉಪ್ಪಿನ ಸತ್ಯಾಗ್ರಹದಲ್ಲಿಯೂ ಕರನಿರಾಕರಣೆಯಲ್ಲಿಯೂ ಹೊಲಮನೆಗಳನ್ನು ಕಳೆದುಕೊಂಡ ತಾಲೂಕು ಇದು. ಸೀಬರ್ಡ್ ನೌಕಾನೆಲೆಗಾಗಿ ಊರೂರನ್ನೇ ಬಿಟ್ಟುಕೊಟ್ಟವರು ಇಲ್ಲಿದ್ದಾರೆ. ರಾಷ್ಟ್ರವು ಕೇಳಿದಾಗ ಕೊಟ್ಟವರಿಗೆ ಸ್ಪಷ್ಟವಾದ ಉತ್ತರವನ್ನು ಕೇಳುವ ಹಕ್ಕಿಲ್ಲವೇ?

ಅಷ್ಟರೊಳಗೆ ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ಅಮೃತ ಭಾರತ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ 103 ಸ್ಟೇಶನ್ನುಗಳನ್ನು 2025ರ ಮೇ 22ರಂದು ತೆರೆದರು. ಅವುಗಳಲ್ಲಿ ಕರ್ನಾಟಕದವು ಐದು: ಧಾರವಾಡ, ಗದಗ, ಬಾಗಲಕೋಟೆ, ಗೋಕಾಕ ರೋಡ್, ಮುನಿರಾಬಾದ. ಐದೂ ಘಟ್ಟದ ಮೇಲಿನವು. ಕೊಂಕಣ ರೇಲ್ವೆಯು ಬೇರೆಯೇ ನಿಗಮವಾಗಿ ಹುಟ್ಟಿದ್ದು. ಅದರಲ್ಲಿ ಕೇಂದ್ರದೊಡನೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳಗಳೂ ಪಾಲುದಾರರಾಗಿ ಸೇರಿದವು. ದೊಡ್ಡ ರೇಲ್ವೆಗೆ ಸಿಗುವ ಆಯವ್ಯಯದ ಹಣವು ಇದಕ್ಕೆ ಅಷ್ಟು ಸುಲಭವಾಗಿ ದೊರೆಯದು. ಆದರೆ ಪಾಲುದಾರನಾದ ನಮ್ಮ ರಾಜ್ಯ ಸರಕಾರವು ಮನಸ್ಸು ಮಾಡಿದರೆ ಅಂಕೋಲೆಯ ಸ್ಟೇಶನ್ನಿಗೆ ಮಳೆಗಾಲದಲ್ಲಿ ನೆನೆಯದಂತೆ ಉದ್ದಕ್ಕೂ ಮಾಡು ಹಾಕಿಸುವದು, ಗಾಡಿಯ ವೇಳೆಗೆ ಸರಿಯಾಗಿ ಬಾಳೆಗುಳಿಯಿಂದ ಬಸ್ಸು ಬಿಡಿಸುವದು ದೊಡ್ಡ ಮಾತಲ್ಲ. ಜಿಲ್ಲಾಧಿಕಾರಿಗಳೂ ನಮ್ಮ ಶಾಸಕರೂ ಬರುವ ಮಳೆಗಾಲಕ್ಕೆ ಮೊದಲು ಈ ಎರಡನ್ನಾದರೂ ಕೈಗೆತ್ತಿಕೊಳ್ಳಬೇಕು. ಹಾದಿಯ ಕಡತವು ಈಗ ಯಾರ ಮೇಜಿನ ಮೇಲಿದೆಯೆಂಬುದನ್ನು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಿ, ಬಂದ ಉತ್ತರವನ್ನು ಜಿಲ್ಲೆಯ ಜನರಿಗೆ ತಿಳಿಸಬೇಕು.