ಮಿಡಿಸೌತೆಯ ಒಪ್ಪಂದ: ಸಹಿಗೆ ಮೊದಲು ನಷ್ಟದ ಲೆಕ್ಕ

ಒಂದೇ ಊರಿನಲ್ಲಿ, ಒಂದೇ ಬಗೆಯ ಕೆಂಪು ಮಣ್ಣಿನಲ್ಲಿ ಬೇಸಾಯ ಮಾಡುವ ಇಬ್ಬರು ರೈತರಲ್ಲಿ ಒಬ್ಬರು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಮಿಡಿಸೌತೆ ಬೆಳೆಯುತ್ತಾರೆ; ಇನ್ನೊಬ್ಬರು ಅದರ ಗೋಜಿಗೇ ಹೋಗುವುದಿಲ್ಲ. ಮೊದಲನೆಯವರು ಧೈರ್ಯವಂತರು, ಎರಡನೆಯವರು ಅಂಜುಬುರುಕರು ಎಂದು ತಿಳಿಯುವುದು ಸರಿಯಲ್ಲ. ಇಬ್ಬರೂ ನಷ್ಟಕ್ಕೆ ಅಂಜುವವರೇ. ಆದರೆ ಅವರು ಅಂಜುವ ನಷ್ಟಗಳು ಬೇರೆ ಬೇರೆ.

ನಮ್ಮ ದೇಶದಲ್ಲಿ ಮಿಡಿಸೌತೆಯ ಒಪ್ಪಂದ ಬೇಸಾಯ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿಯೇ ಮೊದಲಾಯಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರೈತರಿಗೂ ಇದು ಪರಿಚಿತ ಬೆಳೆ. ಸುಮಾರು 85ರಿಂದ 90 ದಿನಗಳ ಈ ಬೆಳೆಗೆ ಕಂಪನಿಯು ಬೀಜ, ಗೊಬ್ಬರ, ಔಷಧಿಗಳನ್ನು ಸಾಲವಾಗಿ ಕೊಟ್ಟು, ಕಾಯಿಯ ಹಣದಲ್ಲಿ ಮುರಿದುಕೊಳ್ಳುತ್ತದೆ.

ಬೆಲೆಯ ಭಯ

2023ರ ಜುಲೈಯಲ್ಲಿ ಕಿಲೋಗೆ 100 ರೂಪಾಯಿ ದಾಟಿದ್ದ ಟೊಮೆಟೊ ಬೆಲೆ ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿದ್ದನ್ನು ನೀವು ಕಂಡಿದ್ದೀರಿ. ಇಂಥ ಏರಿಳಿತಕ್ಕೆ ಅಂಜುವವರಿಗೆ ಮೊದಲೇ ಗೊತ್ತುಪಡಿಸಿದ ಬೆಲೆ ದೊಡ್ಡ ಆಸರೆ. ಈ ಮಟ್ಟಿಗೆ ಒಪ್ಪಂದ ಒಳ್ಳೆಯದೇ.

ತಿರಸ್ಕಾರದ ಭಯ

ಆದರೆ ಬೆಲೆ ನಿಶ್ಚಯವಾದ ಮಾತ್ರಕ್ಕೆ ಆದಾಯ ನಿಶ್ಚಯವಾಗುವುದಿಲ್ಲ. ಮಿಡಿಸೌತೆಯ ದರ್ಜೆಯನ್ನು ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ಗೊತ್ತುಮಾಡುತ್ತಾರೆ. ಕಿಲೋಗೆ 160ಕ್ಕಿಂತ ಹೆಚ್ಚು ತೂಗುವ ಎಳೆ ಮಿಡಿಗೆ ಬೆಲೆ ಹೆಚ್ಚು. ಒಂದು ದಿನ ಕೊಯ್ಲು ತಪ್ಪಿದರೂ ಕಾಯಿ ಬಲಿತು ದರ್ಜೆ ಇಳಿಯುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಎಳೆ ಮಿಡಿಗೆ ಕಿಲೋಗೆ 40 ರೂಪಾಯಿ, ದಪ್ಪ ಕಾಯಿಗೆ 10 ರೂಪಾಯಿ ಎಂದು ಇಟ್ಟುಕೊಳ್ಳಿ. 1,000 ಕಿಲೋದಲ್ಲಿ 600 ಕಿಲೋ ಎಳೆ ಮಿಡಿಯಾದರೆ ಬರುವ ಹಣ 28,000 ರೂಪಾಯಿ. ಎಳೆ ಮಿಡಿ 300 ಕಿಲೋಗೆ ಇಳಿದರೆ ಕೇವಲ 19,000 ರೂಪಾಯಿ. ತೂಕವೂ ಅದೇ, ಒಪ್ಪಂದದ ಬೆಲೆಯೂ ಅದೇ. ಆದರೂ 9,000 ರೂಪಾಯಿ ಕಡಿಮೆ. ಸಾಲವಾಗಿ ಪಡೆದ ಗೊಬ್ಬರ, ಔಷಧಿಗಳ ಬಾಕಿ ಮಾತ್ರ ಕಡಿಮೆಯಾಗುವುದಿಲ್ಲ. ಬೂಜು ರೋಗ ಬಿದ್ದರೂ, ಕೊಳವೆ ಬಾವಿ ಬತ್ತಿದರೂ ಆ ಹೊರೆ ರೈತನದೇ. ಮೇಲಾಗಿ ಕಂಪನಿ ಬೇಡವೆಂದ ಮಿಡಿಸೌತೆಗೆ ಊರ ಸಂತೆಯಲ್ಲಿ ಗಿರಾಕಿಯಿಲ್ಲ.

ಹೀಗೆ ಒಪ್ಪಂದವು ಒಂದು ನಷ್ಟಭಯವನ್ನು ತೆಗೆದು ಮತ್ತೊಂದನ್ನು ತರುತ್ತದೆ. ಮನೆಯಲ್ಲಿಯೇ ಕೊಯ್ಲಿಗೆ ಕೈಗಳಿದ್ದು, ನೀರು ನಂಬಿಕೆಯದಾಗಿದ್ದರೆ ಈ ವಿನಿಮಯ ಲಾಭಕರ. ಕೂಲಿಯಾಳುಗಳನ್ನೇ ನೆಚ್ಚಿದವರು, ಬೇಸಿಗೆಯಲ್ಲಿ ನೀರು ಕೈಕೊಡುವವರು ಹಿಂಜರಿದರೆ ಅದು ವಿವೇಕವೇ ಹೊರತು ಹೇಡಿತನವಲ್ಲ.

ಸಹಿಗೆ ಮೊದಲು

1. ಮೊದಲ ಸಲ ಕಾಲು ಅಥವಾ ಅರ್ಧ ಎಕರೆಗೆ ಮಾತ್ರ ಒಪ್ಪಿಕೊಳ್ಳಿ. ಮನೆಯ ಊಟಕ್ಕೆ ಬೇಕಾದ ರಾಗಿಯ ಹೊಲವನ್ನು ಮುಟ್ಟಬೇಡಿ.

2. ದರ್ಜೆವಾರು ಬೆಲೆ, ತೂಕ ಮಾಡುವ ಸ್ಥಳ, ಹಣ ಪಾವತಿಯ ದಿನ, ತಿರಸ್ಕರಿಸಲು ಕಾರಣಗಳು ಇವೆಲ್ಲವೂ ಕನ್ನಡದಲ್ಲಿ ಬರಹದಲ್ಲಿರಲಿ. ಪ್ರತಿಯೊಂದು ನಿಮ್ಮ ಬಳಿ ಇರಲಿ.

3. ಬೆಳೆ ಹಾಳಾದರೆ ಸಾಲದ ಬಾಕಿ ಏನಾಗುತ್ತದೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

4. ಇದು ಬೆಳೆಯ ಒಪ್ಪಂದ, ಜಮೀನಿನದಲ್ಲ. ಜಮೀನಿನ ಮೂಲ ಪತ್ರಗಳನ್ನು ಕೊಡಬೇಡಿ.

5. ಪ್ರತಿದಿನದ ತೂಕದ ಚೀಟಿಗಳನ್ನು ಜೋಪಾನವಾಗಿಡಿ.

ಒಪ್ಪಂದ ಬೇಸಾಯಕ್ಕಾಗಿ 2020ರಲ್ಲಿ ಬಂದ ಕೇಂದ್ರ ಕಾಯಿದೆ 2021ರಲ್ಲಿ ರದ್ದಾಗಿದೆ. ಅದರ ಹೆಸರಿನಲ್ಲಿ ಯಾರಾದರೂ ಭರವಸೆ ಕೊಟ್ಟರೆ ನೆಚ್ಚಬೇಡಿ. ನಿಮ್ಮ ಕೈಯಲ್ಲಿರುವ ಬರಹವನ್ನು ನೆಚ್ಚಿ. ಬೇಸಾಯ ಕ್ರಮ ಹಾಗೂ ರೋಗ ಕೀಟಗಳ ಹತೋಟಿಯ ಬಗ್ಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ವಿಚಾರಿಸಬಹುದು. ನಿಮ್ಮ ಹೊಲಕ್ಕೆ ಬೆಲೆ ಕುಸಿತ ದೊಡ್ಡ ಶತ್ರುವೋ, ಕಾಯಿಯ ತಿರಸ್ಕಾರ ದೊಡ್ಡ ಶತ್ರುವೋ ಎಂಬುದನ್ನು ಮಾತ್ರ ಮನೆಮಂದಿಯೆಲ್ಲ ಕುಳಿತು ನೀವೇ ತೀರ್ಮಾನಿಸಬೇಕು.